ಎಷ್ಟು ಗಂಟಲು, ಮೇಡಂ?

ನಮ್ಮ ಮನೆಯ ಓದುವ ಮೇಜಿನ ಮೇಲೆ ಅಂಗೈಗಿಂತ ಕೊಂಚ ದೊಡ್ಡದಾದ ಒಂದು ಪೆಟ್ಟಿಗೆಯಿದೆ. ಮುಂದೆ ಎರಡು ದಪ್ಪ ತೂತು, ಪಕ್ಕದಲ್ಲಿ ತಿರುಗಿಸುವ ಗುಂಡಿಗಳು, ಹಿಂದಿನಿಂದ ಕಂಪ್ಯೂಟರಿಗೆ ಹೋಗುವ ಒಂದು ವೈರು. ಮನೆಗೆ ಬಂದವರು ಯಾರೂ ಇದು ಇಂಥದ್ದು ಎಂದು ಸರಿಯಾಗಿ ಹೇಳಿದ್ದಿಲ್ಲ. ಕೇಬಲ್ಲಿನವನು ಇದನ್ನು ಬೇರೆ ಕಂಪನಿಯ ಸೆಟ್‌ಟಾಪ್ ಬಾಕ್ಸ್ ಎಂದುಕೊಂಡು ಮುಖ ದಪ್ಪ ಮಾಡಿದ. ಆಶಾ ಕಾರ್ಯಕರ್ತೆ, "ಬಿ.ಪಿ. ಮಿಷನ್ನಾ ಮೇಡಂ? ವಸಿ ನಂದೂ ನೋಡ್ಬುಡಿ" ಎಂದು ತೋಳು ಮಡಿಸಿ ಕೂತೇಬಿಟ್ಟರು. ಪಾಪ, ಬೇಸರ ಮಾಡಬಾರದೆಂದು ನಾನು ಅವರಿಗೆ ಕಾಫಿ ಕೊಟ್ಟು ಕಳಿಸಿದೆ.

ಇದರ ನಿಜವಾದ ಹೆಸರು ಯುಎಸ್‌ಬಿ ಆಡಿಯೊ ಇಂಟರ್ಫೇಸ್. ಮೈಕಿಗೆ ಬಂದ ದನಿಯನ್ನು ಕಂಪ್ಯೂಟರಿಗೆ ತಿಳಿಯುವ ಭಾಷೆಗೆ ತಿರುಗಿಸಿ ಒಳಕ್ಕೆ ಕಳಿಸುವ ದುಭಾಷಿ. ಹಾಡುವವರ ಮನೆಯಲ್ಲಿ ಇರಬೇಕಾದ ವಸ್ತು. ನಾನೋ, ಯಳಂದೂರಿನ ಹೈಸ್ಕೂಲಿನಲ್ಲಿ ಗಣಿತ ಹೇಳುವವಳು. ಬೆಳಗಿನ ಪ್ರಾರ್ಥನೆಯಲ್ಲಿ ನಾನು ಬಾಯಿ ಮಾತ್ರ ಆಡಿಸುತ್ತೇನೆ. ಹಾಗೆ ಮಾಡಿರೆಂದು ಹೆಡ್‌ಮಾಸ್ಟರೇ ಒಮ್ಮೆ ಬಹಳ ಮರ್ಯಾದೆಯಿಂದ ಕೇಳಿಕೊಂಡಿದ್ದರು.

ಇಂಥವಳ ಮೇಜಿಗೆ ಅದು ಬಂದದ್ದು ನಮ್ಮ ದೊಡ್ಡವ್ವನ ದೆಸೆಯಿಂದ. ದೊಡ್ಡವ್ವ ಎಂದರೆ ನನ್ನ ಅಮ್ಮನ ಅಕ್ಕ, ಪುಟ್ಟಮಾದಮ್ಮ. ಹನೂರು ಕಡೆಯ ಶಾಗ್ಯದವಳು. ಸುತ್ತಲ ಊರುಗಳಲ್ಲಿ ಮದುವೆ ಗೊತ್ತಾಯಿತೆಂದರೆ ಮೊದಲು ದೊಡ್ಡವ್ವನ ಮನೆಗೆ ಎಲೆ ಅಡಿಕೆ ಬರಬೇಕು, ಛತ್ರದವನ ಮಾತು ಆಮೇಲೆ. ಸೋಬಾನೆ ಪದ ಎತ್ತಿದರೆ ಅವಳೇ ಎತ್ತಬೇಕು. ಮೈಕಿಲ್ಲದೆ ಅಡುಗೆಯವರವರೆಗೆ ಮುಟ್ಟುವ ಗಂಟಲು ಅದು. ಇಂಥ ದನಿಯ ಮನೆತನದಲ್ಲಿ ನಾನು ಹೇಗೆ ಹುಟ್ಟಿದೆ ಎಂದು ನಮ್ಮ ಯಜಮಾನರು ಆಗಾಗ ಆಶ್ಚರ್ಯಪಡುವುದುಂಟು.

ಆ ಗಂಟಲಿನ ಹೊರಗೆ ಬಹಳ ಕಾಲದಿಂದ ಒಂದು ಗಂಟಿತ್ತು. ನಿಂಬೆಹಣ್ಣಿನಷ್ಟಿದ್ದದ್ದು ಹೋದ ವರ್ಷ ಮೋಸಂಬಿಯಷ್ಟಾಯಿತು. ಮೈಸೂರಿಗೆ ಕರೆದುಕೊಂಡು ಹೋಗಿ ತೋರಿಸಿದೆ. ಡಾಕ್ಟರು ಒಳ್ಳೆಯವರು, ಮುಚ್ಚಿಡದೆ ಹೇಳಿದರು. ಥೈರಾಯ್ಡ್ ಗಡ್ಡೆ, ತೆಗೆಯಲೇಬೇಕು, ಜೀವಕ್ಕೆ ಭಯವಿಲ್ಲ. ಆದರೆ ದನಿಯ ನರ ಪಕ್ಕದಲ್ಲೇ ಇರುತ್ತದೆ, ಗಡ್ಡೆ ಬೇರೆ ದೊಡ್ಡದು, ದನಿ ಮೊದಲಿನ ಹಾಗೆ ಉಳಿಯುತ್ತದೆಂದು ಖಾತರಿ ಕೊಡಲಾರೆ. ಮೂರು ವಾರ ಬಿಟ್ಟು ಗುರುವಾರಕ್ಕೆ ಆಪರೇಷನ್ ಗೊತ್ತಾಯಿತು. ದೊಡ್ಡವ್ವ ನಕ್ಕು, "ಉಣ್ಣಕ್ ಗಂಟ್ಲು ಇದ್ರಾಯ್ತು ಬುಡಿ ಸಾ, ದನಿ ತಕಂಡು ಏನ್ ಮಾಡಾನ" ಎಂದಳು. ನನಗೆ ಸಮಾಧಾನವಾಯಿತು. ಆದರೆ ವಾಪಸು ಬರುವಾಗ ಬಸ್ಸಿನಲ್ಲಿ ಕಾಮಗೆರೆ ದಾಟುವ ತನಕ ಅವಳು ತುಟಿ ಬಿಚ್ಚಲಿಲ್ಲ. ಆಮೇಲೆ ಕಿಟಕಿಯ ಕಡೆ ಮುಖ ಮಾಡಿಕೊಂಡೇ ಕೇಳಿದಳು: "ಮಾದೇವಿ, ಪದ ಎಲ್ಲಾನೂವೆ ಒಂದ್ಸಲ ಎಲ್ಲಾರ ಇಡ್ದು ಮಡಗಕ್ ಆಯ್ತದಾ?"

"ಆಗದೇ ಏನು ದೊಡ್ಡವ್ವ, ನಾನಿಲ್ಲವಾ?" ಎಂದುಬಿಟ್ಟೆ. ನನ್ನ ಬಾಯಿ ಯಾವಾಗಲೂ ನನ್ನ ತಿಳಿವಳಿಕೆಗಿಂತ ಒಂದು ಸ್ಟಾಪ್ ಮುಂಚೆ ಇಳಿಯುತ್ತದೆ.

ಮೊದಲು ಮೊಬೈಲಿನಲ್ಲೇ ಹಿಡಿಯೋಣವೆಂದು ನೋಡಿದೆ. ದೊಡ್ಡವ್ವ ಒಂದು ಸಾಲನ್ನು ಎಳೆದು ನಿಲ್ಲಿಸಿದರೆ ಮೊಬೈಲು ಅದನ್ನು ಫ್ಯಾನಿನ ಸದ್ದೆಂದುಕೊಂಡು ಒರೆಸಿಹಾಕುತ್ತಿತ್ತು. ಸಾಲಿನ ತಲೆ ಇದೆ, ಬಾಲ ಇಲ್ಲ. ಆಗ ಅಂತರ್ಜಾಲದಲ್ಲಿ ಹುಡುಕಿ ಈ ಇಂಟರ್ಫೇಸ್ ಎಂಬ ಲೋಕದೊಳಕ್ಕೆ ಕಾಲಿಟ್ಟೆ.

ನನ್ನ ಆಯ್ಕೆಯ ಸಾಮರ್ಥ್ಯದ ಬಗ್ಗೆ ನಿಮಗೆ ಮೊದಲೇ ಹೇಳಿಬಿಡಬೇಕು. ಸಂತೆಯಲ್ಲಿ ಅರ್ಧ ಕೆಜಿ ಬದನೆಕಾಯಿ ಆರಿಸಲು ನನಗೆ ಮುಕ್ಕಾಲು ಗಂಟೆ ಬೇಕು. "ಮೇಡಂ, ಬದ್ನೆಕಾಯ್ ತಕಳಾಕ್ ಬಂದ್ರೋ, ಎಣ್ ನೋಡಕ್ ಬಂದ್ರೋ?" ಎಂದು ತರಕಾರಿಯ ಗೌರಮ್ಮ ಎಲ್ಲರೆದುರು ಕೇಳಿದ್ದಾಳೆ. ಇಂಥ ನನಗೆ ನಲವತ್ತು ಬಗೆಯ ಪೆಟ್ಟಿಗೆ ಕಂಡರೆ ಏನಾಗಬೇಡ? ಎರಡು ಎ-ಫೋರ್ ಹಾಳೆ ಅಂಟಿಸಿ ಕೋಷ್ಟಕ ಹಾಕಿದೆ. ಎಷ್ಟು ಬಿಟ್, ಎಷ್ಟು ಕಿಲೋಹರ್ಟ್ಸ್, ಎಷ್ಟು ಮಿಲಿಸೆಕೆಂಡು ತಡ. ಒಂಬತ್ತು ದಿನ ಅದರಲ್ಲೇ ಕಳೆಯಿತು. ಯಜಮಾನರು, "ಗುರುವಾರ ಬರೋದು ಆಪರೇಷನ್ನು, ಪರೀಕ್ಷೆ ಅಲ್ಲ" ಎಂದು ನೆನಪಿಸಿದ ಮೇಲೆ ಹಾಳೆ ಮಡಿಸಿಕೊಂಡು ಕೊಳ್ಳೇಗಾಲದ ಬಸ್ಸು ಹತ್ತಿದೆ.

ಅಲ್ಲಿ ಮೈಕ್‌ಸೆಟ್ ಸಿದ್ದರಾಜು ಇದ್ದಾನೆ. ನನ್ನ ವಾರಿಗೆಯವನು, ಹತ್ತನೆಯ ಕ್ಲಾಸಿನಲ್ಲಿ ಗಣಿತಕ್ಕೇ ಬಿದ್ದವನು. ಮದುವೆ, ನಾಟಕ, ಎಲೆಕ್ಷನ್ನು, ಎಲ್ಲಕ್ಕೂ ಅವನದೇ ಮೈಕು. ಕಣ್ಣು ಮುಚ್ಚಿಕೊಂಡು ಸ್ಪೀಕರಿನ ಮೇಲೆ ಕೈಯಿಟ್ಟು ಯಾವ ವೈರು ಸಡಿಲವಾಗಿದೆ ಎಂದು ಹೇಳುತ್ತಾನೆ. ಅವನ ಕಿವಿಯ ಬಗ್ಗೆ ನನಗಿರುವ ಗೌರವ ನನ್ನ ಎಂ.ಎಸ್ಸಿ.ಯ ಬಗ್ಗೆ ಇಲ್ಲ. ನನ್ನ ಕೋಷ್ಟಕವನ್ನು ಅವನು ಮದುವೆಯ ಕರೆಯೋಲೆ ನೋಡುವ ಹಾಗೆ ಮೇಲಿಂದ ಕೆಳಕ್ಕೆ ನೋಡಿದ.

"ನೂರಾ ತೊಂಬತ್ತೆರಡು ಕಿಲೋಹರ್ಟ್ಸು ಯಾಕ್ ಮೇಡಂ? ಬಾವ್ಲಿ ಕಚೇರಿ ಮಡ್ಗಿದ್ದೀರಾ?"

"ಜಾಸ್ತಿ ಇದ್ದಷ್ಟೂ ಒಳ್ಳೆಯದಲ್ಲವಾ?"

"ಮನುಸ್ರ್ ಕಿವಿಗೆ ನಲವತ್ತೆಂಟು ಸಾಕು. ಅದ ಬುಡಿ. ಎಷ್ಟ್ ಗಂಟ್ಲು?"

"ಏನು?"

"ಎಷ್ಟ್ ಗಂಟ್ಲು ಮೇಡಂ, ಏಕಕಾಲಕ್ಕೆ? ಅದ ಯೋಳಿ, ಮಿಕ್ಕುದ್ದೆಲ್ಲ ಅಮೇಕೆ."

ಎರಡು ಹಾಳೆಯ ಕೋಷ್ಟಕದಲ್ಲಿ ನಾನು ಹಾಕಿಕೊಳ್ಳದೇ ಇದ್ದ ಏಕೈಕ ಪ್ರಶ್ನೆ ಅದು. ಆದರೂ ಉತ್ತರಕ್ಕೆ ತಡವರಿಸಲಿಲ್ಲ. "ಒಂದೇ. ನಮ್ಮ ದೊಡ್ಡವ್ವ ಒಬ್ಬಳೇ" ಎಂದೆ. ಅವನು ಒಂದು ಕ್ಷಣ ನನ್ನ ಮುಖ ನೋಡಿ, ಮೇಡಂ ಹೇಳಿದ ಮೇಲೆ ಸರಿಯಿರಬೇಕೆಂದು ಒಂದೇ ಮೈಕಿನ ಪೆಟ್ಟಿಗೆ ಕೊಟ್ಟ. ಅದರ ಮೇಲೆ 48V ಎಂದು ಬರೆದ ಒಂದು ಗುಂಡಿಯಿತ್ತು. ನಲವತ್ತೆಂಟು ವೋಲ್ಟು ಕರೆಂಟು ಮೈಕಿನೊಳಕ್ಕೆ ಹೋಗುತ್ತದೆಂದು ತಿಳಿದು ಮುಟ್ಟಿದ್ದ ಬೆರಳನ್ನು ಹಿಂದಕ್ಕೆಳೆದುಕೊಂಡೆ. ಗಂಟಲಿನ ಆಪರೇಷನ್ನಿಗೆ ಮುಂಚೆಯೇ ನಾನು ದೊಡ್ಡವ್ವನನ್ನು ಮುಗಿಸಿಬಿಟ್ಟರೆ? ಸಿದ್ದರಾಜು ಹೊಟ್ಟೆ ಹಿಡಿದುಕೊಂಡು ನಕ್ಕ. "ಅದು ಮೈಕಿಗೆ ಊಟ ಕಣ್ ಮೇಡಂ. ಆಡೋರ್ನ ಮುಟ್ಟಲ್ಲ."

ದೊಡ್ಡವ್ವನ ಪದ ನಾನು ಕಿವಿಯಿಂದ ಕೇಳಿದ್ದಕ್ಕಿಂತ ಬೆನ್ನಿನಿಂದ ಕೇಳಿದ್ದೇ ಹೆಚ್ಚು. ಮದುವೆಯ ಮನೆಯಲ್ಲಿ ಬೆಳಿಗ್ಗೆ ಅರಿಶಿನ ಕುಟ್ಟುವ ಶಾಸ್ತ್ರ ನಡೆಯುವಾಗ ನಾನು ಅವಳ ಮಡಿಲಲ್ಲಿ ಕೂತಿರುತ್ತಿದ್ದೆ. ಅವಳು ಪದ ಎತ್ತಿದರೆ ನನ್ನ ಬೆನ್ನೆಲ್ಲ ಝುಂ ಎನ್ನುತ್ತಿತ್ತು. ಅವಳ ಸೀರೆಗೆ ಹೊಗೆಸೊಪ್ಪು, ಹರಳೆಣ್ಣೆ, ಹಸಿ ಅರಿಶಿನ ಮೂರೂ ಸೇರಿದ ಒಂದು ವಾಸನೆ. ಒಂದೊಂದು ಸಾಲು ಎತ್ತುವ ಮುಂಚೆ ಅವಳು ಕೊಂಚ ಹಿಂದಕ್ಕೆ ವಾಲಿ, ಕಣ್ಣು ಮುಚ್ಚಿ, ಆಮೇಲೆ ಎತ್ತುತ್ತಿದ್ದಳು. ದೊಡ್ಡ ಹಾಡುಗಾರರ ಗತ್ತೇ ಹಾಗೆ ಎಂದು ನಾನು ನಂಬಿದ್ದೆ. ಒಂದು ಸಲ ಮಗ್ಗಿ ಒಪ್ಪಿಸುವಾಗ ನಾನೂ ಹಾಗೆ ಹಿಂದಕ್ಕೆ ವಾಲಿ ಕಣ್ಣು ಮುಚ್ಚಿ, ಮೇಷ್ಟ್ರಿಂದ ತಲೆಗೊಂದು ಮೊಟಕಿಸಿಕೊಂಡಿದ್ದೇನೆ.

ದೊಡ್ಡವ್ವನ ಹಿಂದೆ ಸದಾ ಚಿಕ್ಕತಾಯಮ್ಮ ಇರುತ್ತಿದ್ದಳು. ಪಕ್ಕದ ಮನೆಯವಳು, ಬಿಳಿಚಿಕೊಂಡ ಸಣ್ಣ ದೇಹ, ಕುಂಕುಮವಿಲ್ಲದ ಹಣೆ. ದೊಡ್ಡವ್ವ ಒಂದು ಸಾಲು ಹಾಡಿದರೆ ಅವಳು ಅದೇ ಸಾಲನ್ನು ಹಿಂದಿನಿಂದ ಹೇಳುತ್ತಿದ್ದಳು. ಅದಕ್ಕೆ ನಮ್ಮ ಕಡೆ ಸೊಲ್ಲು ಕೊಡುವುದು ಎನ್ನುತ್ತಾರೆ. ನಾನು ಅವಳನ್ನು ಲೆಕ್ಕಕ್ಕೇ ತೆಗೆದುಕೊಂಡವಳಲ್ಲ. ಹೇಳಿದ್ದನ್ನೇ ಮತ್ತೆ ಹೇಳುವುದು ಯಾವ ದೊಡ್ಡ ವಿದ್ಯೆ ಎನ್ನುವುದು ನನ್ನ ಧೋರಣೆ.

ಆಪರೇಷನ್ನಿಗೆ ಎಂಟು ದಿನವಿರುವಾಗ ಶಾಲೆಗೆ ರಜೆ ಹಾಕಿ ಪೆಟ್ಟಿಗೆ, ಮೈಕು, ಲ್ಯಾಪ್‌ಟಾಪು ಹೊತ್ತುಕೊಂಡು ಶಾಗ್ಯಕ್ಕೆ ಹೋದೆ. ಹಾಡುವವರಿಗೆ ಎಲೆ ಅಡಿಕೆ ಕೊಟ್ಟು ಕರೆಯುವುದು ಪದ್ಧತಿ; ದೊಡ್ಡವ್ವನಿಗೆ ತಟ್ಟೆಯಲ್ಲಿಟ್ಟು ಕೊಟ್ಟೆ. ಎಲ್ಲ ಜೋಡಿಸಿ ಹೆಡ್‌ಫೋನ್ ಹಾಕಿಕೊಂಡರೆ ಒಳಗೆ ಒಂದೇ ಸಮ ಗುಂಯ್ ಎನ್ನುವ ಸದ್ದು. ವೈರು ಬದಲಾಯಿಸಿದೆ, ಪೆಟ್ಟಿಗೆ ತಿರುಗಿಸಿದೆ, ದೇವರಿಗೆ ಕೈ ಮುಗಿದೆ. ಕೊನೆಗೆ ಸಿದ್ದರಾಜುವಿಗೆ ಫೋನು ಮಾಡಿದರೆ, "ಅರ್ತ್ ಒಣಗೋಗದೆ ಮೇಡಂ. ಮನೆ ಇಂದ್ಗಡೆ ಗುಂಡಿಗೆ ಒಂದ್ ಕೊಡ ನೀರ್ ಉಯ್ಸಿ" ಎಂದ. ದೊಡ್ಡವ್ವನ ಸೊಸೆ ಒಂದು ಕೊಡ ನೀರಿಗೆ ಒಂದು ಹಿಡಿ ಉಪ್ಪು ಹಾಕಿ, ಕರೆಂಟಿನ ಅರ್ತ್ ತಂತಿ ಹೂತಿದ್ದ ಗುಂಡಿಗೆ ಸುರಿದಳು. ಸದ್ದು ಗಪ್‌ಚುಪ್! ಅಷ್ಟು ಓದಿ ಕೋಷ್ಟಕ ಹಾಕಿದ ನನಗೆ ಈ ಒಂದು ಕೊಡ ನೀರು ಎಲ್ಲೂ ಸಿಕ್ಕಿರಲಿಲ್ಲ.

ದೊಡ್ಡವ್ವ ಮೈಕಿನ ಮುಂದೆ ಕೂತು ಮೊದಲ ಸಾಲು ಎತ್ತಿದಳು. ಏನು ದನಿ ಅಂತೀರಿ! ಹೆಡ್‌ಫೋನಿನಲ್ಲಿ ಅದು ನೇರ ನನ್ನ ತಲೆಯೊಳಗೇ ಹುಟ್ಟಿದ ಹಾಗಿತ್ತು. ನನ್ನ ಕಣ್ಣು ತುಂಬಿತು. ಅಷ್ಟರಲ್ಲಿ ದನಿ ನಿಂತಿತು. ದೊಡ್ಡವ್ವ ಹಿಂದಕ್ಕೆ ವಾಲಿ ಕಣ್ಣು ಮುಚ್ಚಿದವಳು ಹಾಗೇ ಕೂತಿದ್ದಾಳೆ. ಎರಡನೆಯ ಸಾಲು ಬರಲಿಲ್ಲ.

"ಚಿಕ್ತಾಯಿ ಎಲ್ಲವ್ವ?"

"ಅವರ್ಯಾಕೆ ದೊಡ್ಡವ್ವ? ನಿನ್ನ ದನಿಯಲ್ಲವಾ ನಮಗೆ ಬೇಕಾಗಿರೋದು? ಇದರಲ್ಲಿ ಇರೋದೂ ಒಂದೇ ಮೈಕು."

"ಸೊಲ್ಲು ಕೊಡೋರ್ ಇಲ್ದೆ ಪದ ಎಂಗವ್ವ ಆಡಾದು?"

ನಾನು ಎದ್ದು ಬಾಗಿಲಿಗೆ ಬಂದೆ. ಚಿಕ್ಕತಾಯಮ್ಮ ಹೊರಗೆ ಜಗಲಿಯ ಮೇಲೆ ಕೂತಿದ್ದಳು. ನಾನು ಬಂದಾಗಿನಿಂದಲೂ ಅಲ್ಲೇ ಕೂತಿದ್ದಳಂತೆ. ಎಲೆ ಅಡಿಕೆ ಕೊಟ್ಟು ಕರೆಯದೆ ಹಾಡಲು ಒಳಗೆ ಬರುವುದು ಹೇಗೆ? ನನಗೆ ನಾಚಿಕೆಯಿಂದ ಮೈಯೆಲ್ಲ ಹಿಡಿಯಾಯಿತು. "ಬನ್ನಿ ಚಿಕ್ಕತಾಯವ್ವ, ನಂದು ತಪ್ಪಾಯಿತು" ಎಂದು ಕೈ ಹಿಡಿದು ಕರೆತಂದೆ. ಅವಳು ಬಂದು ಎಂದಿನಂತೆ ದೊಡ್ಡವ್ವನ ಹಿಂದೆಯೇ ಕೂತಳು. ಎಷ್ಟು ಹೇಳಿದರೂ ಮೈಕಿನ ಹತ್ತಿರಕ್ಕೆ ಬರಲೊಲ್ಲಳು. ಅವತ್ತು ರೆಕಾರ್ಡಾದ ಮೂರು ಪದಗಳಲ್ಲಿ ದೊಡ್ಡವ್ವ ಎದುರಿಗೆ ಕೂತ ಹಾಗೆ ಕೇಳಿಸಿದರೆ, ಚಿಕ್ಕತಾಯಮ್ಮ ಎರಡು ಮನೆ ಆಚೆಯಿಂದ ಕೂಗಿದ ಹಾಗೆ ಕೇಳಿಸಿದಳು.

ಮಾರನೆಯ ದಿನ ಸಂಜೆ ಶಾಲೆ ಬಿಟ್ಟ ಮೇಲೆ ಮತ್ತೆ ಸಿದ್ದರಾಜುವಿನ ಅಂಗಡಿ. ನಡೆದದ್ದನ್ನು ಹೇಳಿದೆ. ಅವನು ಗೆದ್ದವನ ಹಾಗೆ ನಗಬಹುದಿತ್ತು. ನಗಲಿಲ್ಲ. "ಬುಡಿ ಮೇಡಂ. ಮದ್ವೆ ಮನೆಲೂ ಅಷ್ಟೆಯ. ಮೈಕ್ ಮಡಗ್ಬೇಕಾದ್ರೆ ಎಷ್ಟ್ ಜನ ಅಂದ್ರೆ ಒಬ್ರೇ ಅಂತಾರೆ. ಸೊಲ್ಲು ಕೊಡೋರ್ನ ಯಾರೂ ಲೆಕ್ಕುಕ್ ಇಡ್ಕಳಲ್ಲ" ಎಂದು, ಆ ಪೆಟ್ಟಿಗೆ ವಾಪಸು ತೆಗೆದುಕೊಂಡು ಎರಡು ಮೈಕಿನದು ಕೊಟ್ಟ. ಒಬ್ಬೊಬ್ಬರ ದನಿಯೂ ಕಂಪ್ಯೂಟರಿನಲ್ಲಿ ಬೇರೆ ಬೇರೆ ಸಾಲಾಗಿ ಕೂರುತ್ತದೆ, ಬೇಕಾದರೆ ಒಬ್ಬರನ್ನು ಮುಚ್ಚಿ ಇನ್ನೊಬ್ಬರನ್ನು ಕೇಳಬಹುದು ಎಂದು ತೋರಿಸಿಕೊಟ್ಟ. ಬೀಳ್ಕೊಡುವಾಗ ತನ್ನದೇ ಇನ್ನೊಂದು ಮೈಕನ್ನೂ ಚೀಲಕ್ಕೆ ಹಾಕಿದ. ಗಣಿತಕ್ಕೆ ಬಿದ್ದವನು ಎಣಿಸುವುದರಲ್ಲಿ ನನ್ನನ್ನು ಮೀರಿಸಿದ್ದ.

ಭಾನುವಾರ ಮಧ್ಯಾಹ್ನ, ಊಟವಾಗಿ ಊರು ಕೊಂಚ ಸುಮ್ಮನಾದ ಹೊತ್ತು. ಈ ಸಲ ಎರಡು ತಟ್ಟೆ, ಎರಡು ಕವಳೆ ಎಲೆ. ಚಿಕ್ಕತಾಯಮ್ಮ ತಟ್ಟೆಯನ್ನು ಮುಟ್ಟುವ ಮುಂಚೆ ದೊಡ್ಡವ್ವನ ಮುಖ ನೋಡಿದಳು. ಮುಂದೊಂದು ಮೈಕು, ಹಿಂದೊಂದು ಮೈಕು ಇಟ್ಟು ಶುರು ಮಾಡಿದೆವು. ಒಂದಾದ ಮೇಲೊಂದು ಹನ್ನೊಂದು ಪದ! ಒಂದು ತಪ್ಪಿಲ್ಲ, ಒಂದು ತಡವರಿಕೆಯಿಲ್ಲ. ಇಬ್ಬರೂ ನೀರು ಕುಡಿಯಲು ನಿಂತಾಗ, ಸರಿಯಾಗಿ ಹಿಡಿದಿದೆಯೋ ಇಲ್ಲವೋ ನೋಡೋಣವೆಂದು ದೊಡ್ಡವ್ವನ ದನಿ ಮುಚ್ಚಿ ಚಿಕ್ಕತಾಯಮ್ಮನ ದನಿಯನ್ನಷ್ಟೇ ಕೇಳಿದೆ.

ಸೊಲ್ಲು ಚೆನ್ನಾಗಿಯೇ ಇತ್ತು. ಆದರೆ ಪ್ರತಿ ಸೊಲ್ಲಿನ ಕೊನೆಯಲ್ಲಿ, ಉಸಿರಿನಷ್ಟು ಸಣ್ಣಗೆ, ಇನ್ನೊಂದು ಮಾತಿತ್ತು. "ಬಾಳೆ…" ಎಂದು ಪಿಸುಗುಟ್ಟುತ್ತಾಳೆ. ಆಮೇಲೆ, ಹಿಂದಿನ ಮೈಕಿಗೂ ದೂರದಿಂದ ಸಿಕ್ಕ ದೊಡ್ಡವ್ವನ ದನಿ ಬಾಳೆ ಎಲೆ ಹಾಸುವ ಸಾಲನ್ನು ಎತ್ತುತ್ತದೆ. "ಅತ್ತೆ…" ಎನ್ನುತ್ತಾಳೆ, ದೊಡ್ಡವ್ವ ಅತ್ತೆಯ ಸಾಲನ್ನು ಎತ್ತುತ್ತಾಳೆ. ಅಲ್ಲೊಂದು ಇಲ್ಲೊಂದು ಪದ ತೆಗೆದು ಕೇಳಿದರೂ ಹೀಗೇ, ಒಂದು ಸಾಲೂ ಬಿಡದೆ. ಹೇಳಿದ್ದನ್ನೇ ಹೇಳುವವಳೆಂದು ನಾನು ಅಂದುಕೊಂಡಿದ್ದವಳು ಎಲ್ಲವನ್ನೂ ಮೊದಲೇ ಹೇಳುತ್ತಿದ್ದಳು. ದೊಡ್ಡವ್ವ ಹಿಂದಕ್ಕೆ ವಾಲುತ್ತಿದ್ದದ್ದು ಗತ್ತಿಗಲ್ಲ, ಕಿವಿ ಕೊಡುವುದಕ್ಕೆ.

ನಾನು ಹೆಡ್‌ಫೋನ್ ತೆಗೆದು ಇಬ್ಬರ ಮುಖವನ್ನೂ ನೋಡಿದೆ. ಚಿಕ್ಕತಾಯಮ್ಮನಿಗೆ ತಿಳಿದುಹೋಯಿತು. ಗಾಬರಿಯಿಂದ, "ಅಯ್ಯೋ, ಅದ್ನೂ ಇಡ್ಕತದಾ ಇದು? ಅಳಿಸ್ಬುಡವ್ವ, ನಿನ್ ದಮ್ಮಯ್ಯ. ಪುಟ್‌ಮಾದಕ್ಕನ ಮರ್ವಾದೆ ಓಯ್ತದೆ" ಎಂದಳು.

"ಸುಮ್ಕಿರಮ್ಮಿ. ಯಾರ್ ಮರ್ವಾದೆ ಎಲ್ಲೂ ಓಗಲ್ಲ" ಎಂದು ದೊಡ್ಡವ್ವ ಗದರಿದಳು. ಆಮೇಲೆ ನನಗೆ ಹೇಳಿದಳು. ಪದಗಳೆಲ್ಲ ಚಿಕ್ಕತಾಯಮ್ಮ ತವರು ಧನಗೆರೆಯಿಂದ ತಂದದ್ದು. ಅವಳ ತಾಯಿ ಅಲ್ಲಿ ಹೆಸರಾದ ಹಾಡುಗಾರ್ತಿ. ಇಬ್ಬರೂ ಒಂದೇ ವರ್ಷ ಈ ಊರಿಗೆ ಸೊಸೆಯಾಗಿ ಬಂದರು. ಎರಡನೆಯ ವರ್ಷವೇ ಚಿಕ್ಕತಾಯಮ್ಮನ ಗಂಡ ತೀರಿಕೊಂಡ. ಅಲ್ಲಿಗೆ ಮುಗಿಯಿತು, ಗಂಡನಿಲ್ಲದವಳು ಹಸೆಯ ಮುಂದೆ ಕೂತು ಸೋಬಾನೆ ಎತ್ತುವ ಹಾಗಿಲ್ಲ. "ನಂಗೆ ಒಂದ್ ಪದಾನೂ ಬತ್ತಿರ್ಲಿಲ್ಲ ಮಾದೇವಿ. ಗಂಟ್ಲು ಮಾತ್ರ ಇತ್ತು. ನೀ ಇಂದ್ಗಡೆ ಕುಂತ್ಕಂಡು ಯೋಳು, ನಾ ಮುಂದ್ಗಡೆ ಕುಂತ್ಕಂಡು ಆಡ್ತೀನಿ ಅಂತ ನಾನೇ ಅಂದಿ. ಅಷ್ಟೆಯ."

ಬಸ್ಸಿನಲ್ಲಿ ಅವಳು ಕಿಟಕಿಯಾಚೆ ನೋಡುತ್ತ ಕೇಳಿದ್ದು ತನ್ನ ದನಿಯ ಚಿಂತೆಯಿಂದ ಅಲ್ಲ ಎಂದು ಆಗ ಹೊಳೆಯಿತು. ದೊಡ್ಡವ್ವ ಎದ್ದು ನಿಂತಳು. "ನಾಳಿಕ್ಕೆ ನನ್ ಗಂಟ್ಲು ಓದ್ರೆ ಇವಳ ಪದ ಎಲ್ಲಿ ಕೂರ್ಬೇಕು? ಇಲ್ಲಿ ಹಸೇನೂ ಇಲ್ಲ, ಎಣ್ಣೂ ಇಲ್ಲ, ಬೇಡ ಅನ್ನಕ್ಕೆ ಊರ್ ಯಜಮಾನ್ರೂ ಇಲ್ಲ. ಏಳಮ್ಮಿ ಮ್ಯಾಲಕ್ಕೆ. ನೀ ಮುಂದ್ಕೆ ಬಾ, ನಾ ಸೊಲ್ಲು ಕೊಡ್ತೀನಿ."

ಚಿಕ್ಕತಾಯಮ್ಮ ಒಲ್ಲೆ ಎಂದಳು, ಅತ್ತಳು, ಕಾಲು ಹಿಡಿದುಹೋಗಿದೆ ಎಂದಳು. ದೊಡ್ಡವ್ವ ಅವಳ ರಟ್ಟೆ ಹಿಡಿದು ಎಬ್ಬಿಸಿ ಮುಂದಿನ ಮೈಕಿಗೆ ಕೂರಿಸಿ, ತಾನು ಹಿಂದೆ ಹೋಗಿ ಕೂತಳು. ಮೊದಲ ಪದ ಪಿಸುಮಾತಿನಲ್ಲೇ ಬಂತು. ಅಷ್ಟು ವರ್ಷ ಪಿಸುಗುಟ್ಟಿ ಅಭ್ಯಾಸವಾದ ಗಂಟಲು. ನಾನು ದನಿಯ ಗುಂಡಿಯನ್ನು ಪೂರ್ತಿ ತಿರುಗಿಸಿದೆ. ಎರಡನೆಯದರಲ್ಲಿ ಬೆನ್ನು ನೆಟ್ಟಗಾಯಿತು. ಮೂರನೆಯದರ ಹೊತ್ತಿಗೆ ಅವಳ ದನಿ ಗೋಡೆಗೆ ತಾಗಿ ವಾಪಸು ಬರತೊಡಗಿತು, ತೆಳ್ಳಗೆ, ಚೂಪಾಗಿ, ದೊಡ್ಡವ್ವನದಕ್ಕಿಂತ ಬೇರೆಯದೇ ಒಂದು ಚೆಂದ. ಪೆಟ್ಟಿಗೆಯಲ್ಲಿ ಕೆಂಪು ದೀಪ ಹತ್ತಿಕೊಂಡಿತು. ದನಿ ಮಿತಿ ಮೀರಿದೆ, ತಗ್ಗಿಸು ಎಂದು ಅದರ ಅರ್ಥ. ತಗ್ಗಿಸಲು ಕೈ ಹೋಯಿತು. ಹೇಗೆ ತಗ್ಗಿಸಲಿ ಹೇಳಿ? ಒಂದು ಚರಣ ಹಾಗೇ ಬಿಟ್ಟೆ. ಇವತ್ತಿಗೂ ಆ ಚರಣದಲ್ಲಿ ದನಿ ಕೊಂಚ ಒಡೆದೇ ಕೇಳುತ್ತದೆ, ಇರಲಿ.

ಗುರುವಾರ ಆಪರೇಷನ್ ಆಯಿತು. ಗಂಟು ಹೋಯಿತು, ಭಯಪಡುವಂಥದ್ದೇನೂ ಇಲ್ಲವೆಂದು ಡಾಕ್ಟರು ಹೇಳಿದರು. ದೊಡ್ಡವ್ವ ಹದಿನೈದು ದಿನ ಕೈಸನ್ನೆಯಲ್ಲೇ ಸೊಸೆಯನ್ನು ಬೈದಳು. ಆಮೇಲೆ ಬಂದ ದನಿ ಮರಳು ಬೆರೆಸಿದ ಹಾಗೆ ಗೊರಗೊರ. ಮಾತಿಗೆ ಸಾಕು, ಪದಕ್ಕೆ ಸಾಲದು. ನಾನು ಎಲ್ಲ ಪದಗಳನ್ನೂ ಮೊಬೈಲಿಗೆ ಹಾಕಿಕೊಂಡು ಹೋಗಿ ಜಗಲಿಯ ಮೇಲೆ ಕೂತು ಕೇಳಿಸಿದೆ. ಚಿಕ್ಕತಾಯಮ್ಮ ಹುಣಸೆಹಣ್ಣಿನ ಬೀಜ ಬಿಡಿಸುತ್ತ ತಲೆ ತಗ್ಗಿಸಿಕೊಂಡು ಕೇಳಿದಳು. ತನ್ನದೇ ದನಿ ಮುಂದೆ ಬಂದಾಗ ಮಾತ್ರ, ಒಲೆ ಮೇಲೆ ಹಾಲಿಟ್ಟಿದ್ದೀನಿ ಎಂದು ಎದ್ದು ತನ್ನ ಮನೆಗೆ ಹೋದಳು.

ಅವಳು ಹೋದ ಮೇಲೆ, ಅಷ್ಟು ದಿನದಿಂದ ತಲೆಯಲ್ಲಿ ಕೊರೆಯುತ್ತಿದ್ದ ಒಂದು ಮಾತನ್ನು ಕೇಳಿಯೇಬಿಟ್ಟೆ. "ಅಲ್ಲ ದೊಡ್ಡವ್ವ, ಇಷ್ಟು ವರ್ಷ ಮದುವೆ ಮದುವೆಗೂ ಅವೇ ಪದ ಹಾಡಿದ್ದೀಯ. ಅಷ್ಟರಲ್ಲಿ ನೀನೇ ಕಲಿತುಬಿಡಬಹುದಿತ್ತಲ್ಲ? ಒಂದೂ ಬಾಯಿಗೆ ಬರಲಿಲ್ಲವಾ?"

ದೊಡ್ಡವ್ವ ನನ್ನನ್ನು, ನಾನು ನನ್ನ ದಡ್ಡ ವಿದ್ಯಾರ್ಥಿಗಳನ್ನು ನೋಡುವ ಹಾಗೆ ನೋಡಿದಳು. ಆಮೇಲೆ ಪಕ್ಕದ ಮನೆಯ ಬಾಗಿಲ ಕಡೆ ಒಮ್ಮೆ ಕಣ್ಣು ಹಾಯಿಸಿ, ಆ ಗೊರಗೊರ ದನಿಯಲ್ಲಿ ಮೆಲ್ಲಗೆ ಹೇಳಿದಳು:

"ನಾ ಕಲ್ತ್ಬುಟ್ಟಿದ್ರೆ, ಅವಳ್ನ ಯಾರವ್ವ ಮದ್ವೆ ಮನೆಗೆ ಕರೀತಿದ್ರು?"